ಉಳುವ ಕೆಲಸ ಮುಗಿಸಿದ ಕಬ್ಬಿಣಕ್ಕೆ ಕಟ್ಟಿಗೆಯ ಕೆಲಸ

ಕಾರಟಗಿಯಿಂದ ಗಂಗಾವತಿಯ ಕಡೆಗಾಗಲಿ, ಸಿಂಧನೂರಿನ ಕಡೆಗಾಗಲಿ ಹೊರಟು ತುಂಗಭದ್ರಾ ಎಡದಂಡೆ ಕಾಲುವೆಯ ಆಸುಪಾಸಿನ ಯಾವ ಹಳ್ಳಿಯಲ್ಲಿ, ಯಾವ ಕ್ಯಾಂಪಿನಲ್ಲಿ ನಿಂತು ನೋಡಿದರೂ ಮನೆ ಮುಂದಿನ ಬಯಲಿನಲ್ಲಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತದೆ. ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಉಳುವ, ಹಲ್ಲು ಸವೆದ ಕಲ್ಟಿವೇಟರ್, ಒಂದು ಮಗ್ಗುಲಿಗೆ ಸೊಟ್ಟಗಾದ ಕೇಜ್ ವೀಲ್, ತಳ ತೂತುಬಿದ್ದ ಟ್ರಾಲಿ, ಕೊಯ್ದು ಒಕ್ಕುವ ಕಂಬೈನ್ ಬಂದ ಮೇಲೆ ಯಾರೂ ಮುಟ್ಟದ ಒಕ್ಕಣೆಯ ರಾಶಿ ಮಷಿನ್, ಎತ್ತು ಮಾರಿದ ವರ್ಷದಿಂದ ನೊಗ ಕಾಣದ ಟೈರಿನ ಬಂಡಿ. ಗುಜರಿಯವನು ಬಂದು ಕಿಲೋ ಲೆಕ್ಕದಲ್ಲಿ ಬೆಲೆ ಹೇಳುತ್ತಾನೆ. ಮನೆಯ ಹಿರಿಯರು ಕೊಡಲು ಒಪ್ಪುವುದಿಲ್ಲ, ಕಿರಿಯರಿಗೆ ಇಟ್ಟುಕೊಂಡು ಏನು ಮಾಡಬೇಕೆಂದು ತೋಚುವುದಿಲ್ಲ. ಗುಜರಿಗೆ ಹಾಕುವ ಮುನ್ನ ಆ ಕಬ್ಬಿಣವನ್ನು ಕಟ್ಟಿಗೆ ಹೊರುವ, ಹಿಡಿಯುವ, ಒಣಗಿಸುವ ಕೆಲಸಕ್ಕೆ ಹಚ್ಚಬಹುದು ಎಂಬುದನ್ನು ನಾನು ನಮ್ಮ ಹೊಲದಲ್ಲಿ ಮಾಡಿ ನೋಡಿದ್ದೇನೆ. ಯಾವುದು ಈ ಕೆಲಸಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ, ಏಕೆ ಎಂಬುದನ್ನು ವಿವರವಾಗಿ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಇಷ್ಟು ಕಬ್ಬಿಣ ನಮ್ಮ ಕಡೆ ಸೇರಿಕೊಂಡಿದ್ದಕ್ಕೆ ನೀರೇ ಕಾರಣ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಕಾಲುವೆಗಳಿಗೆ ನೀರು ಬಂದ ಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಭೂಮಿ ಭತ್ತದ ಗದ್ದೆಯಾಯಿತು. ಭತ್ತದ ಹಿಂದೆಯೇ ಕೆಸರು ತುಳಿಯುವ ಯಂತ್ರಗಳು ಬಂದವು. 1971ರಲ್ಲಿ ಎಚ್‌ಎಂಟಿ ಸಂಸ್ಥೆಯು ಹರಿಯಾಣದ ಪಿಂಜೋರಿನಲ್ಲಿ, ಜೆಕೊಸ್ಲೊವಾಕಿಯಾದ ಜೀಟರ್ ಕಂಪನಿಯ ಸಹಯೋಗದಿಂದ ಟ್ರ್ಯಾಕ್ಟರ್ ತಯಾರಿಸತೊಡಗಿತು. ಅದರ ಮೊದಲ ಮಾದರಿಯಾದ 25 ಅಶ್ವಶಕ್ತಿಯ 2511 ನಮ್ಮ ಭಾಗದಲ್ಲಿಯೂ ಓಡಾಡಿದ ಗಾಡಿ. 2016ರಲ್ಲಿ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರ ತೀರ್ಮಾನಿಸಿದ ಮೇಲೆ ಬಿಡಿಭಾಗ ಸಿಗುವುದು ಕಷ್ಟವಾಗಿ ಎಷ್ಟೋ ಗಾಡಿಗಳು ಗೋಡೆಗೆ ಆತು ನಿಂತವು. ನಮ್ಮ ತಂದೆಯವರು ಕೊಂಡ 2511 ಇನ್ನೂ ಚಾಲೂ ಇದೆ. ಮಣ್ಣು ಪುಡಿ ಮಾಡುವ ರೊಟಾವೇಟರ್ ಎಳೆಯುವ ಶಕ್ತಿ ಅದಕ್ಕಿಲ್ಲ, ಆದರೆ ಕಟ್ಟಿಗೆಯ ಕೆಲಸಕ್ಕೆ ಅದು ಬೇಕಾದಷ್ಟಾಯಿತು.

ಅಡುಗೆಗೆ ಸಿಲಿಂಡರ್ ಬಂದ ಮೇಲೂ ಇಷ್ಟು ಕಟ್ಟಿಗೆ ಯಾಕೆ ಎಂದು ಪಟ್ಟಣದ ಬಂಧುಗಳು ಕೇಳುತ್ತಾರೆ. ಬಚ್ಚಲುಮನೆಯ ಹಂಡೆ ಇನ್ನೂ ಕಟ್ಟಿಗೆಯಲ್ಲೇ ಕಾಯುತ್ತದೆ. ಮದುವೆ, ಜಾತ್ರೆ, ದಾಸೋಹ ಎಂದರೆ ದೊಡ್ಡ ಒಲೆಗಳು ಬೇಕೇಬೇಕು. ಇದಲ್ಲದೆ ನಮ್ಮ ಅತ್ತಿಗೆಯವರು ಓಣಿಯ ಕೆಲವು ಹೆಣ್ಣುಮಕ್ಕಳ ಜೊತೆ ಸೇರಿ ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಡುತ್ತಾರೆ. ಆ ಒಲೆಗಳಿಗೆ ದಿನವೂ ಉರುವಲು ಬೇಕು, ಅದೂ ಒಂದೇ ಅಳತೆಯದು ಬೇಕು. ರೊಟ್ಟಿಯ ಒಲೆಗೆ ಒಂದು ಮೊಳ ಉದ್ದದ, ಹೆಬ್ಬೆರಳಿನಿಂದ ಮುಂಗೈವರೆಗಿನ ದಪ್ಪದ ಒಣ ಕಟ್ಟಿಗೆ ಸರಿ. ಹಂಡೆಯ ಒಲೆಗಾದರೆ ಎರಡು ಅಡಿಯ ದಪ್ಪ ಕೊರಡಾದರೂ ನಡೆಯುತ್ತದೆ. ಕಟ್ಟಿಗೆಯ ಉದ್ದವನ್ನು ಒಲೆ ನಿರ್ಧರಿಸುತ್ತದೆ, ಒಡೆಯುವ ಯಂತ್ರದ ಅಳತೆಯನ್ನು ಕಟ್ಟಿಗೆ ನಿರ್ಧರಿಸುತ್ತದೆ. ಆದ್ದರಿಂದ ವೆಲ್ಡಿಂಗ್ ಅಂಗಡಿಗೆ ಹೋಗುವ ಮೊದಲು ಒಲೆಯ ಮುಂದೆ ಕೂತು ಅಳತೆ ತೆಗೆದುಕೊಳ್ಳುವುದು ಒಳ್ಳೆಯದು.

ಕಟ್ಟಿಗೆ ಎಂದರೆ ನಮ್ಮಲ್ಲಿ ಬಹುಪಾಲು ಬಳ್ಳಾರಿ ಜಾಲಿಯೇ. ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ತಂದರು. ಕಾಲುವೆಯ ಏರಿ, ಹಳ್ಳದ ದಂಡೆ, ಸವಳು ಹಿಡಿದು ಬೆಳೆ ಬಿಟ್ಟ ಹೊಲ, ಎಲ್ಲವೂ ಈಗ ಅದರ ಪಾಲಾಗಿದೆ. ಬುಡಕ್ಕೆ ಕಡಿದರೆ ಒಂದರ ಜಾಗದಲ್ಲಿ ನಾಲ್ಕು ಚಿಗುರುತ್ತದೆ. ಬೇರು ಸಹಿತ ಕೀಳದ ಹೊರತು ಅದು ಹೋಗುವುದಿಲ್ಲ. ಆದರೆ ಉರುವಲಾಗಿ ಅದಕ್ಕೆ ಸಾಟಿಯಾದ ಕಟ್ಟಿಗೆ ನಮ್ಮ ಬಯಲುಸೀಮೆಯಲ್ಲಿ ಕಡಿಮೆ: ಗಟ್ಟಿ, ಭಾರ, ನಿಧಾನವಾಗಿ ಉರಿಯುವ ಕೆಂಡ. ಕಷ್ಟವಿರುವುದು ಅದರ ಮುಳ್ಳಿನಲ್ಲಿ, ಸೊಟ್ಟ ಕೊಂಬೆಗಳಲ್ಲಿ ಮತ್ತು ಗಂಟುಗಂಟಾದ ಬೊಡ್ಡೆಯಲ್ಲಿ.

ಕಟ್ಟಿಗೆಯ ಕೆಲಸದಲ್ಲಿ ಮೈ ಹಣ್ಣಾಗುವುದು ಕಡಿಯುವುದರಿಂದ ಎಂದು ಎಲ್ಲರೂ ತಿಳಿಯುತ್ತಾರೆ. ನಾನು ಗಮನಿಸಿದಂತೆ ಹೆಚ್ಚಿನ ಶ್ರಮ ಹೋಗುವುದು ಎತ್ತಿ ಇಡುವುದಕ್ಕೆ. ಕಡಿದ ಕೊಂಬೆಯನ್ನು ಎಳೆದು ಗುಡ್ಡೆ ಹಾಕುವುದು, ಗುಡ್ಡೆಯಿಂದ ಎತ್ತಿ ಟ್ರಾಲಿಗೆ ತುಂಬುವುದು, ಮನೆಯ ಹತ್ತಿರ ಇಳಿಸುವುದು, ಕೊಯ್ಯಲು ಎತ್ತುವುದು, ಕೊಯ್ದದ್ದನ್ನು ಆರಿಸುವುದು, ಒಡೆಯುವುದು, ಒಟ್ಟುವುದು, ಒಟ್ಟಿದ್ದನ್ನು ಒಲೆಗೆ ಒಯ್ಯುವುದು: ಒಂದೇ ಕೊರಡನ್ನು ಏಳೆಂಟು ಸಲ ಮುಟ್ಟಿದಂತಾಯಿತು. ಹಸಿಯಾಗಿದ್ದಾಗ ಅದರ ಭಾರದಲ್ಲಿ ದೊಡ್ಡ ಪಾಲು ನೀರೇ ಇರುತ್ತದೆ ಎಂಬುದನ್ನು ಸೇರಿಸಿಕೊಂಡರೆ ನಾವು ಮಾಡುವ ಹಮಾಲಿ ಎಷ್ಟೆಂದು ತಿಳಿಯುತ್ತದೆ. ಆದ್ದರಿಂದ ಯಂತ್ರಕ್ಕೆ ಕೊಡಬೇಕಾದ ಮೊದಲ ಕೆಲಸ ಎತ್ತುವುದು ಮತ್ತು ಹೊರುವುದು. ಕೊಯ್ಯುವುದು ಆಮೇಲಿನ ಮಾತು.

ಕಾರಟಗಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ನಮ್ಮ ಸೋದರಮಾವನವರು ಇದನ್ನು ತಮ್ಮದೇ ರೀತಿಯಲ್ಲಿ ಹೇಳಿಕೊಟ್ಟರು. ಹಳೆಯ ರಾಶಿ ಮಷಿನ್ನಿನ ಪುಲ್ಲಿಗೆ ಗರಗಸದ ಚಕ್ರ ಕೂಡಿಸಬೇಕೆಂದು ನಾನು ಕೇಳಿದಾಗ ಅವರು ಸುತ್ತಿಗೆಯನ್ನು ಕೆಳಗಿಟ್ಟು, "ಅಳಿಯಾ, ಭಾರ ಹೊತ್ತಿದ್ದನ್ನ ಇಟ್ಕೊ, ಗರಗರ ತಿರುಗಿದ್ದನ್ನ ಗುಜರಿಗೆ ಹಾಕು" ಎಂದರು. ಚಾಸಿ, ಚೌಕಟ್ಟು, ಅಚ್ಚು, ಗಾಲಿ ಇವು ಭಾರ ಹೊರಲೆಂದೇ ಹುಟ್ಟಿದವು. ಹೊಲದಲ್ಲಿ ಹೊತ್ತದ್ದಕ್ಕಿಂತ ಕಡಿಮೆ ಭಾರವನ್ನು ಕಟ್ಟಿಗೆಯ ಕೆಲಸದಲ್ಲಿ ಹೊರಿಸಿದರೆ ಇನ್ನೂ ಬಹುಕಾಲ ಬಾಳುತ್ತವೆ. ವೇಗವಾಗಿ ತಿರುಗುವ ಬೀಡುಕಬ್ಬಿಣದ ಪುಲ್ಲಿ, ಸವೆದ ಬೇರಿಂಗು, ಹಳೆಯ ಬ್ಲೇಡು ಇವುಗಳ ಒಳಗೆ ಎಲ್ಲಿ ಬಿರುಕಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಅವು ಮುರಿದರೆ ಎದುರಿಗಿದ್ದವರ ಮೇಲೇ ಹಾರುತ್ತವೆ. ನಾನು ಮುಂದೆ ಹೇಳುವುದೆಲ್ಲ ಅವರ ಈ ಒಂದು ಮಾತನ್ನು ಹಿಡಿದುಕೊಂಡೇ ಮಾಡಿದ್ದು.

ಮೊದಲು ಕೇಜ್ ವೀಲ್. ಭತ್ತದ ಕೆಸರುಗದ್ದೆಯಲ್ಲಿ ಟೈರಿನ ಪಕ್ಕಕ್ಕೆ ಸೇರಿಸುವ ಈ ಗಾಲಿಯ ಸುತ್ತುಬಳೆಗಳನ್ನು ಆಂಗಲ್ ಪಟ್ಟಿಗಳಿಂದ ಜೋಡಿಸಿರುತ್ತಾರೆ. ನಡುವಿನ ಕಡ್ಡಿಗಳನ್ನೂ ಅಚ್ಚು ಕೂಡುವ ಗುಂಬವನ್ನೂ ಕತ್ತರಿಸಿ ತೆಗೆದು, ಸುತ್ತನ್ನು ಮೂರು ಪಾಲು ಮಾಡಿದರೆ ಒಂದು ಗಾಲಿಯಿಂದ ಮೂರು ತೊಟ್ಟಿಲು ಸಿಗುತ್ತವೆ. ಒಂದು ಮೀಟರ್ ವ್ಯಾಸದ ಗಾಲಿಯಾದರೆ ಪ್ರತಿಯೊಂದು ತೊಟ್ಟಿಲೂ ಮೇಲುಗಡೆ ಸುಮಾರು 87 ಸೆಂಟಿಮೀಟರ್ ಅಗಲ, ನಡುವೆ 25 ಸೆಂಟಿಮೀಟರ್ ಆಳ ಬರುತ್ತದೆ. ಇಂಥ ಎರಡಕ್ಕೆ ಸೊಂಟದೆತ್ತರದ ಕಾಲು ಹಚ್ಚಿ, ಒಂದು ಮೊಳ ಅಂತರದಲ್ಲಿ ನಿಲ್ಲಿಸಿ, ಕೆಳಗೆ ಅಡ್ಡಪಟ್ಟಿಯಿಂದ ಸೇರಿಸಿದರೆ ಕಟ್ಟಿಗೆ ಕೊಯ್ಯುವ ಕುದುರೆ ಸಿದ್ಧ. ಮುಂಗೈ ದಪ್ಪದ ಜಾಲಿ ಕೊಂಬೆಗಳನ್ನು ಒಂದೊಂದಾಗಿ ಹಿಡಿದು ಕೊಯ್ಯುವ ಬದಲು ಹತ್ತಿಪ್ಪತ್ತನ್ನು ಒಟ್ಟಿಗೆ ಅದರಲ್ಲಿ ಉದ್ದಕ್ಕೆ ಮಲಗಿಸಿ, ಮೇಲೆ ಸರಪಳಿ ಬಿಗಿದು, ಯಂತ್ರದ ಗರಗಸವಾದ ಚೈನ್ ಸಾ ಒಂದೇ ಸಲ ಇಳಿಸಿದರೆ ಅಷ್ಟೂ ತುಂಡಾಗುತ್ತವೆ. ಪಟ್ಟಿಗಳ ಸಂದಿಯಿಂದ ಹೊಟ್ಟು ಕೆಳಗೆ ಉದುರುತ್ತದೆ, ಗಾಲಿಯ ಬಾಗು ಕೊಂಬೆಗಳನ್ನು ತಾನೇ ನಡುವಿಗೆ ತಳ್ಳಿ ಕೂಡಿಸುತ್ತದೆ.

ಇದರಲ್ಲಿ ಎರಡು ಎಚ್ಚರಿಕೆಗಳಿವೆ. ಎರಡು ತೊಟ್ಟಿಲುಗಳ ನಡುವೆ ಕೊಯ್ಯಬಾರದು. ಅಲ್ಲಿ ಕೊಯ್ದರೆ ಕಟ್ಟಿಗೆ ತನ್ನ ಭಾರಕ್ಕೆ ಒಳಗೆ ಬಾಗಿ ಗರಗಸದ ಪಟ್ಟಿಯನ್ನು ಹಿಡಿದುಬಿಡುತ್ತದೆ. ಹೊರಗೆ ಚಾಚಿದ ತುದಿಯನ್ನೇ ಕೊಯ್ದು, ಕಟ್ಟನ್ನು ಒಂದು ಮೊಳ ಮುಂದಕ್ಕೆ ಸರಿಸಿ ಮತ್ತೆ ಕೊಯ್ಯಬೇಕು. ಹಾಗೆಯೇ ಗರಗಸದ ಪಟ್ಟಿಯ ಉದ್ದಕ್ಕಿಂತ ಅಗಲವಾಗಿ ತೊಟ್ಟಿಲನ್ನು ತುಂಬಬಾರದು, ಸರಪಳಿ ಬಿಗಿಯದೆ ಕೊಯ್ಯಲೂ ಬಾರದು. ಬಿಗಿಯಿಲ್ಲದ ಸಣ್ಣ ಕೊಂಬೆಯೊಂದು ಗರಗಸದ ಹಲ್ಲಿಗೆ ಸಿಕ್ಕರೆ ಅದು ಕಲ್ಲು ಬೀಸಿದ ಹಾಗೆ ಮುಖಕ್ಕೆ ಬರುತ್ತದೆ. ಈ ಸಾಧನ ನಮ್ಮಲ್ಲಿ ಬಂದ ಮೇಲೆ ಅತ್ತಿಗೆಯವರ ಒಲೆಯ ಅಳತೆಗೆ ಸರಿಯಾದ ಕಟ್ಟಿಗೆ ಸಿಗತೊಡಗಿತು. ನಾನು ಮಾಡಿಸಿದ ಎಲ್ಲ ಸಾಧನಗಳಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಉಪಯೋಗ ಕೊಟ್ಟದ್ದು ಇದೇ ಎಂದು ಧೈರ್ಯವಾಗಿ ಹೇಳಬಲ್ಲೆ.

ಕಲ್ಟಿವೇಟರ್ ಎರಡು ಬಗೆಯಲ್ಲಿ ಕೆಲಸಕ್ಕೆ ಬರುತ್ತದೆ. ಒಂದಕ್ಕೆ ಯಾವ ಬದಲಾವಣೆಯೂ ಬೇಡ. ಸವೆದ ಕುಳಗಳನ್ನು ಬಿಚ್ಚಿಟ್ಟು, ಹಲ್ಲುಗಳು ನೆಲಕ್ಕೆ ತಾಗಿಯೂ ತಾಗದಂತೆ ಹೈಡ್ರಾಲಿಕ್ಕಿನಿಂದ ಹಿಡಿದು ಎಳೆದರೆ ಕಡಿದು ಹಾಕಿದ ಮುಳ್ಳಿನ ರೆಂಬೆಗಳೆಲ್ಲ ಅದರಲ್ಲಿ ಸಿಕ್ಕಿಕೊಂಡು ಬರುತ್ತವೆ. ಬದುವಿಗೆ ಒಯ್ದು ಎತ್ತಿಬಿಟ್ಟರೆ ಅಲ್ಲೇ ಗುಡ್ಡೆಯಾಗಿ ಬೀಳುತ್ತವೆ. ಜಾಲಿಯ ಮುಳ್ಳನ್ನು ಕೈಯಿಂದ ಮುಟ್ಟದೆ ಹೊಲ ಹಸನು ಮಾಡಿಕೊಳ್ಳುವುದು ಎಷ್ಟು ದೊಡ್ಡ ನೆಮ್ಮದಿ ಎಂಬುದು ಆ ಮುಳ್ಳು ಚುಚ್ಚಿ ಬಾತ ಕೈಯಲ್ಲಿ ರಾತ್ರಿ ಕಳೆದವರಿಗೇ ಗೊತ್ತು. ಗುಡ್ಡೆಯಾದ ಮುಳ್ಳು ಹೊಲದ ಬೇಲಿಗೆ ಆಗುತ್ತದೆ.

ಇನ್ನೊಂದು ಬಗೆಯಲ್ಲಿ ಹಲ್ಲುಗಳನ್ನೆಲ್ಲ ತೆಗೆದು ಬರಿಯ ಚೌಕಟ್ಟನ್ನು ಉಳಿಸಿಕೊಂಡು, ಅದರ ಕೆಳಗೆ ಹಿಂದಕ್ಕೆ ಚಾಚುವ ಹಾಗೆ ನಾಲ್ಕು ಗಟ್ಟಿ ಪೈಪು ಅಥವಾ ಚಾನೆಲ್ ಕೂಡಿಸಬೇಕು. ಮೂರು ಕೊಂಡಿಗಳ ಜೋಡಣೆ ಹೇಗೂ ಚೌಕಟ್ಟಿನಲ್ಲೇ ಇರುತ್ತದೆ. ಟ್ರ್ಯಾಕ್ಟರನ್ನು ಹಿಂದೆ ಸರಿಸಿ ಪೈಪುಗಳನ್ನು ಕಟ್ಟಿಗೆಯ ಕೆಳಗೆ ತೂರಿಸಿ ಎತ್ತಿದರೆ ಒಂದು ಹೇರು ನೆಲ ಬಿಟ್ಟು ಏಳುತ್ತದೆ. ಚಾಲಕನ ಬೆನ್ನಿನ ಕಡೆಗೆ ಎದೆಯೆತ್ತರದ ಎರಡು ನಿಲುಗಂಬಗಳನ್ನು ಹಾಕಿ ಅಡ್ಡಪಟ್ಟಿ ಹೊಡೆಸಲೇಬೇಕು, ಇಲ್ಲವಾದರೆ ಏರಿ ಇಳಿಯುವಾಗ ಕೊರಡು ಉರುಳಿ ಸೀಟಿನ ಮೇಲೆ ಬರುತ್ತದೆ.

ಇದಕ್ಕೆ ಎಷ್ಟು ಭಾರ ಹೇರಬಹುದು ಎಂಬ ಲೆಕ್ಕವನ್ನು ಎಲ್ಲರೂ ಮಾಡಿಕೊಳ್ಳಬೇಕು. ಹೈಡ್ರಾಲಿಕ್ ಎತ್ತುವಷ್ಟೂ ಹೇರಬಹುದು ಎಂದು ತಿಳಿದರೆ ಮುಂದಿನ ಗಾಲಿ ಮೇಲೇಳುತ್ತದೆ. ಒಟ್ಟು 1700 ಕಿಲೋ ತೂಗುವ ಸಣ್ಣ ಟ್ರ್ಯಾಕ್ಟರಿನ ಮುಂದಿನ ಅಚ್ಚಿನ ಮೇಲೆ 600 ಕಿಲೋ ಇದೆ, ಎರಡು ಅಚ್ಚುಗಳ ನಡುವಿನ ದೂರ 1.85 ಮೀಟರ್ ಎಂದು ಇಟ್ಟುಕೊಳ್ಳೋಣ. ಹಿಂದಿನ ಅಚ್ಚಿನಿಂದ 1.6 ಮೀಟರ್ ಹಿಂದೆ ಭಾರದ ನಡುಭಾಗ ಬರುವಂತೆ 690 ಕಿಲೋ ಕಟ್ಟಿಗೆ ಹೇರಿದರೆ ಮುಂದಿನ ಗಾಲಿಗಳ ಮೇಲಿನ ಭಾರ ಪೂರಾ ಸೊನ್ನೆಯಾಗುತ್ತದೆ; ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಟ್ರ್ಯಾಕ್ಟರಿನ ಭಾರದಲ್ಲಿ ಐದರಲ್ಲಿ ಒಂದು ಪಾಲಾದರೂ ಮುಂದಿನ ಗಾಲಿಗಳ ಮೇಲೆ ಉಳಿಯಬೇಕೆಂದರೆ ಈ ಲೆಕ್ಕದಲ್ಲಿ 300 ಕಿಲೋಗಿಂತ ಹೆಚ್ಚು ಹೇರುವಂತಿಲ್ಲ. ಹೆಚ್ಚು ಬೇಕಾದರೆ ಮುಂದಿನ ಬಂಪರಿಗೆ ತೂಕ ಕಟ್ಟಬೇಕು, ಪೈಪುಗಳನ್ನು ಗಿಡ್ಡ ಮಾಡಬೇಕು. ನಾನು ಎರಡನೆಯದನ್ನೇ ಒಳ್ಳೆಯದೆನ್ನುತ್ತೇನೆ, ಏಕೆಂದರೆ ಪೈಪು ಉದ್ದವಿದ್ದರೆ ಇನ್ನಷ್ಟು ಹೇರುವ ಆಸೆ ತಾನಾಗಿಯೇ ಬರುತ್ತದೆ.

ಟ್ರ್ಯಾಕ್ಟರ್ ಹೋಗಲಾರದ ಕಡೆ, ಅಂದರೆ ಹಳ್ಳದ ತಗ್ಗು, ಇಕ್ಕಟ್ಟಾದ ಬದು ಇಂಥ ಕಡೆಗಳಲ್ಲಿ ಹಳೆಯ ಬಂಡಿಯ ಅಚ್ಚು ಬಹಳ ಕೆಲಸಕ್ಕೆ ಬರುತ್ತದೆ. ಬಂಡಿಯ ಮೇಲಿನ ಹಲಗೆಗಳನ್ನೆಲ್ಲ ತೆಗೆದು, ಅಚ್ಚಿನ ಮೇಲೆ ದಪ್ಪ ಪೈಪಿನ ಕಮಾನು ನಿಲ್ಲಿಸಿ, ಅದಕ್ಕೆ ಮೂಕಿ, ಅಂದರೆ ಬಂಡಿ ಎಳೆಯುವ ಉದ್ದನೆಯ ಕೋಲು, ಬಿಗಿಯಬೇಕು. ಬೊಡ್ಡೆಯ ಮೇಲೆ ಬಂಡಿಯನ್ನು ಕಾಲಗಲಿಸಿ ನಿಲ್ಲಿಸಿ, ಮೂಕಿಯನ್ನು ಮುಗಿಲಿಗೆ ಎತ್ತಿ, ಕಮಾನಿನ ಕೊಂಡಿಯಿಂದ ಬೊಡ್ಡೆಯ ಒಂದು ತುದಿಗೆ ಸರಪಳಿ ಬಿಗಿದು, ಆಮೇಲೆ ಮೂಕಿಯನ್ನು ಕೆಳಗೆ ಜಗ್ಗಿದರೆ ಆ ತುದಿ ನೆಲ ಬಿಟ್ಟು ಏಳುತ್ತದೆ. ಮೂಕಿ ಎರಡೂವರೆ ಮೀಟರ್, ಕೊಂಡಿಯ ಕಡೆಯ ತೋಳು 25 ಸೆಂಟಿಮೀಟರ್ ಇದ್ದರೆ ಹತ್ತು ಪಟ್ಟು ಬಲ ಬರುತ್ತದೆ. 400 ಕಿಲೋದ ಬೊಡ್ಡೆಯ ಒಂದು ತುದಿ ಎತ್ತಲು ಬೇಕಾದ 200 ಕಿಲೋ ಬಲ ಮೂಕಿಯ ತುದಿಯಲ್ಲಿ 20 ಕಿಲೋ ಆಗುತ್ತದೆ. ಇನ್ನೊಂದು ತುದಿ ನೆಲದ ಮೇಲೆ ಎಳೆದುಕೊಂಡು ಬರುವುದರಿಂದ ಇಳಿಜಾರಿನಲ್ಲಿ ಅದೇ ಬ್ರೇಕು. ಇಬ್ಬರು ಆಳು ನಿಧಾನವಾಗಿ ಒಯ್ಯಬಹುದು, ಎತ್ತುಗಳಿದ್ದರೆ ಇನ್ನೂ ಸುಲಭ.

ಟೈರಿನ ಬಂಡಿಯಾದರೆ ಜಾಲಿಯ ಮುಳ್ಳಿಗೆ ಟ್ಯೂಬು ಉಳಿಯುವುದಿಲ್ಲ ಎಂಬುದೊಂದು ತೊಡಕಿದೆ. ಕಬ್ಬಿಣದ ಪಟ್ಟಿ ಹಾಕಿದ ಹಳೆಯ ಮರದ ಗಾಲಿಗಳಿಗೆ ಈ ತಾಪತ್ರಯವಿಲ್ಲ. ಅಂಥ ಗಾಲಿಗಳನ್ನು ಈಗ ಹೋಟೆಲಿನ ಬಾಗಿಲಿಗೆ ಒರಗಿಸಲು, ಗೋಡೆಗೆ ತೂಗುಹಾಕಲು ಕೊಂಡೊಯ್ಯುತ್ತಾರೆ. ಬಡಿಗೇರರು ಒಂದೊಂದು ಅರವನ್ನೂ ಕೂಡಿಸಿ, ಪಟ್ಟಿ ಕಾಯಿಸಿ ತೊಡಿಸಿದ ಗಾಲಿ ಇನ್ನೂ ಉರುಳಬಲ್ಲದಾದರೆ ಅದನ್ನು ಉರುಳಲು ಬಿಡಬೇಕು ಎಂಬುದು ನನ್ನ ಮನಸ್ಸಿನ ಮಾತು. ನಿಮ್ಮ ಮನೆಯಲ್ಲಿ ಇದ್ದರೆ ದಯವಿಟ್ಟು ಮಾರಬೇಡಿರಿ.

ಇನ್ನು ಟ್ರಾಲಿ. ತಳ ತುಕ್ಕು ಹಿಡಿದ ಟ್ರಾಲಿಯಲ್ಲಿ ಭತ್ತ ತುಂಬುವಂತಿಲ್ಲ, ಮಣ್ಣು ತುಂಬುವಂತಿಲ್ಲ; ಕಟ್ಟಿಗೆಗೆ ಮಾತ್ರ ತೂತುಬಿದ್ದ ತಳವೇ ಮೇಲು. ತುಕ್ಕು ತಿಂದ ತಗಡನ್ನು ಕಿತ್ತುಹಾಕಿ, ಕೆಳಗಿನ ಚಾನೆಲ್‌ಗಳ ಮೇಲೆ ಆಂಗಲ್ ಪಟ್ಟಿಗಳನ್ನು ಒಂದು ಗೇಣು ಬಿಟ್ಟು ಒಂದರಂತೆ ಹಾಕಿಸಿ, ಪಕ್ಕದ ತಗಡುಗಳ ಜಾಗಕ್ಕೆ ಜಾಳಿಗೆ ಹಚ್ಚಿಸಿದರೆ ಗಾಳಿ ಕೆಳಗಿನಿಂದಲೂ ಪಕ್ಕದಿಂದಲೂ ಆಡುತ್ತದೆ. ಒಡೆದ ಕಟ್ಟಿಗೆಯನ್ನು ಶಿವರಾತ್ರಿಯ ಹೊತ್ತಿಗೆ ಅದರಲ್ಲಿ ಜೋಡಿಸಿ, ಗಾಳಿಗೆ ಅಡ್ಡವಾಗಿ ಬಯಲಿನಲ್ಲಿ ನಿಲ್ಲಿಸಿದರೆ, ನಮ್ಮ ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲು ಮತ್ತು ಒಣಗಾಳಿ ಉಳಿದ ಕೆಲಸ ಮಾಡುತ್ತವೆ. ಮುಂಗಾರಿಗೆ ಮುಂಚೆ ಮೇಲೊಂದು ತಾಡಪಾಲು ಹೊದಿಸಿ, ಟ್ರಾಲಿಯನ್ನೇ ಎಳೆದು ಒಲೆಯ ಹತ್ತಿರ ನಿಲ್ಲಿಸಬೇಕು. ಇಳಿಸುವುದು, ಒಟ್ಟುವುದು, ಮತ್ತೆ ಎತ್ತುವುದು ಈ ಮೂರೂ ಇದರಿಂದ ತಪ್ಪಿದವು.

10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಟ್ರಾಲಿಯಲ್ಲಿ 120 ಘನ ಅಡಿ ಕಟ್ಟಿಗೆ ಹಿಡಿಯುತ್ತದೆ. ಅದು ತಿಂಗಳುಗಟ್ಟಲೆ ಒಂದೇ ಕಡೆ ನಿಲ್ಲುವುದರಿಂದ ಅಚ್ಚಿನ ಕೆಳಗೆ ಕಲ್ಲುಗಳನ್ನು ಕೊಟ್ಟು ಟೈರಿನ ಮೇಲಿನ ಭಾರ ಇಳಿಸಬೇಕು. ನೆಲದಿಂದ ಮೇಲಿರುವ ಕಟ್ಟಿಗೆಗೆ ಗೆದ್ದಲು ಹತ್ತುವುದು ಕಡಿಮೆ. ಇದಕ್ಕಿಂತ ಮುಖ್ಯವಾದದ್ದು, ನೆಲದ ಮೇಲೆ ಒಟ್ಟಿದ ಕಟ್ಟಿಗೆಯ ಸಂದಿಯಲ್ಲಿ ಚೇಳು, ಹಾವು ಸೇರಿಕೊಳ್ಳುವ ಭಯ. ನಸುಕಿನಲ್ಲಿ ಎದ್ದು ಕತ್ತಲಲ್ಲಿ ಒಲೆಗೆ ಕಟ್ಟಿಗೆ ತರುವವರು ಮನೆಯ ಹೆಣ್ಣುಮಕ್ಕಳು. ಅವರು ಬಗ್ಗಿ ಸಂದಿಗೆ ಕೈ ಹಾಕುವ ಬದಲು ಎದೆಯೆತ್ತರದಲ್ಲಿ, ಬೆಳಕಿಗೆ ಕಾಣುವ ಹಾಗೆ ಕಟ್ಟಿಗೆ ಇದ್ದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಒಣಗಿಸುವುದರ ಬೆಲೆಯೂ ಅವರಿಗೇ ತಟ್ಟುತ್ತದೆ. ಕಟ್ಟಿಗೆಯೊಳಗಿನ ಒಂದು ಕಿಲೋ ನೀರು ಆವಿಯಾಗಲು ಸುಮಾರು 540 ಕಿಲೋಕ್ಯಾಲರಿ ಶಾಖ ವ್ಯರ್ಥವಾಗಿ ಹೋಗುತ್ತದೆ. ಹೋಗುವಾಗ ಹೊಗೆಯನ್ನೂ ಹೆಚ್ಚಿಸುತ್ತದೆ. ಹಸಿ ಕಟ್ಟಿಗೆಯ ಹೊಗೆಯಲ್ಲಿ ಕೂತು ರೊಟ್ಟಿ ಬಡಿಯುವವರ ಕಣ್ಣನ್ನು ನೋಡಿದ ಯಾರೂ ಈ ಲೆಕ್ಕವನ್ನು ಹಗುರವಾಗಿ ತೆಗೆದುಕೊಳ್ಳಲಾರರು.

ಗಂಟು ಬೊಡ್ಡೆಗಳನ್ನು ಒಡೆಯಲು ಹೈಡ್ರಾಲಿಕ್ ಯಂತ್ರವೊಂದನ್ನು ಮಾವನವರು ಮಾಡಿಕೊಟ್ಟರು. ಜಾಲಿಯ ಬೊಡ್ಡೆಯ ನಾರು ತಿರುಚಿಕೊಂಡಿರುತ್ತದೆ, ಕೊಡಲಿ ಹಾಕಿದರೆ ಪುಟಿಯುತ್ತದೆ, ಬೆಣೆ ಹೊಡೆದರೆ ಸಿಕ್ಕಿಕೊಳ್ಳುತ್ತದೆ. ನಿಧಾನವಾಗಿ ಒತ್ತುವ ಬಲವೇ ಅದಕ್ಕೆ ಮದ್ದು. ಟಿಪ್ಪರ್ ಟ್ರಾಲಿಯ ಹಳೆಯ ಜಾಕ್ ಇದಕ್ಕೆ ಆಗುತ್ತದೆಯೇ ಎಂದು ಹಲವರು ಕೇಳಿದ್ದಾರೆ. ಅಂಥ ಜಾಕ್‌ಗಳು ಹೆಚ್ಚಾಗಿ ಒಂದೇ ಕಡೆಗೆ ತಳ್ಳುವಂಥವು. ಟ್ರಾಲಿಯ ಭಾರವೇ ಅವನ್ನು ಹಿಂದಕ್ಕೆ ಒತ್ತುತ್ತದೆ, ಕಟ್ಟಿಗೆ ಒಡೆಯುವಲ್ಲಿ ಹಾಗೆ ಒತ್ತುವ ಭಾರವಿಲ್ಲ. ಆದ್ದರಿಂದ ಎರಡೂ ಕಡೆ ಎಣ್ಣೆ ಹೋಗುವ ಸಿಲಿಂಡರನ್ನೇ ಹುಡುಕಬೇಕು. ಹಳೆಯ ಲೋಡರ್‌ಗಳಿಂದ ಬಿಚ್ಚಿದ್ದು ಗುಜರಿಯಲ್ಲಿ ಸಿಗುತ್ತದೆ, ಸೀಲ್ ಬದಲಿಸಿದರೆ ನಡೆಯುತ್ತದೆ. ಒಳಗಿನ ವ್ಯಾಸ 10 ಸೆಂಟಿಮೀಟರ್ ಇದ್ದರೆ ಅದರ ವಿಸ್ತೀರ್ಣ 78.5 ಚದರ ಸೆಂಟಿಮೀಟರ್. ಎಣ್ಣೆಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 140 ಕಿಲೋ ಬಂದರೆ ತಳ್ಳುವ ಬಲ ಸುಮಾರು 11 ಟನ್. 60 ಸೆಂಟಿಮೀಟರ್ ಮುಂದೆ ಸಾಗಲು 4.7 ಲೀಟರ್ ಎಣ್ಣೆ ಬೇಕು. ನಿಮಿಷಕ್ಕೆ 15 ಲೀಟರ್ ಕೊಡುವ ಪಂಪಾದರೆ ಒಂದು ಸಲ ಹೋಗಲು 19 ಸೆಕೆಂಡು. ಇದು ನಿಧಾನ ಎಂದು ಕೆಲವರು ಬೇಸರ ಪಡುತ್ತಾರೆ, ನಾನು ಇದನ್ನು ಗುಣವೆಂದೇ ಎಣಿಸುತ್ತೇನೆ. ಕೈ ಹಿಂದೆಗೆದುಕೊಳ್ಳಲು ಅಷ್ಟು ಹೊತ್ತು ಸಿಗುತ್ತದೆ.

ಬೆಣೆಗೆ ನೆಲ ಸಮ ಮಾಡುವ ಲೆವೆಲರ್‌ನ ತುದಿಯ ಪಟ್ಟಿ ಬಳಸಿದೆವು. ಅದು ಗಟ್ಟಿ ಉಕ್ಕು, ಬೋಲ್ಟಿನ ತೂತುಗಳು ಅದರಲ್ಲೇ ಇರುತ್ತವೆ. ಇಲ್ಲಿ ವೆಲ್ಡಿಂಗ್ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಹಳೆಯ ಕೃಷಿ ಉಪಕರಣಗಳ ಮರುಬಳಕೆ ಕೆಡುವುದು ಬಹುತೇಕ ಇಲ್ಲಿಯೇ. ಚೌಕಟ್ಟು, ಚಾನೆಲ್, ಪೈಪು ಇವು ಮೆದು ಉಕ್ಕು. ಸಾಮಾನ್ಯ 6013 ನಂಬರಿನ ವೆಲ್ಡಿಂಗ್ ರಾಡಿನಿಂದ ಚೆನ್ನಾಗಿ ಹಿಡಿಯುತ್ತವೆ. ಕಲ್ಟಿವೇಟರಿನ ಸ್ಪ್ರಿಂಗು, ಹ್ಯಾರೋದ ತಟ್ಟೆ, ಲೆವೆಲರ್ ಪಟ್ಟಿ, ಗಾಡಿಯ ಕಮಾನುಪಟ್ಟಿ ಇವುಗಳಲ್ಲಿ ಇಂಗಾಲದ ಅಂಶ ಹೆಚ್ಚು. ತಣ್ಣಗಿದ್ದಾಗ ವೆಲ್ಡ್ ಮಾಡಿದರೆ ಬೆಸುಗೆಯ ಪಕ್ಕದ ಲೋಹ ಪೆಡಸಾಗಿ, ಆ ಹೊತ್ತಿಗೆ ಗಟ್ಟಿಯಾಗಿಯೇ ಕಂಡು, ಭಾರ ಬಿದ್ದ ದಿನ ಗಾಜಿನಂತೆ ಸಿಡಿಯುತ್ತದೆ. ಅಂಥದ್ದನ್ನು ಬೋಲ್ಟಿನಿಂದ ಜೋಡಿಸುವುದೇ ಲೇಸು. ವೆಲ್ಡ್ ಮಾಡಲೇಬೇಕಾದರೆ ಲೋಹವನ್ನು ಮೊದಲೇ ಚೆನ್ನಾಗಿ ಕಾಯಿಸಿ, ಒಣಗಿಸಿಟ್ಟ 7018 ರಾಡಿನಿಂದ ಹೊಡೆದು, ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಡಬೇಕು.

ಹಳೆಯ ಕಬ್ಬಿಣದಲ್ಲಿ ಬಿರುಕು ಇದೆಯೇ ಎಂದು ತಿಳಿಯಲು ಮಾವನವರು ಮಾಡುವ ಪರೀಕ್ಷೆಯನ್ನು ಎಲ್ಲರೂ ಮಾಡಬಹುದು. ತಂತಿ ಬ್ರಷ್ಷಿನಿಂದ ತುಕ್ಕನ್ನು ಪೂರ್ಣ ಉಜ್ಜಿ ತೆಗೆದು, ಆ ಜಾಗಕ್ಕೆ ಸೀಮೆಎಣ್ಣೆ ಸವರಿ ಅರ್ಧ ತಾಸು ಬಿಡುತ್ತಾರೆ. ಆಮೇಲೆ ಬಟ್ಟೆಯಿಂದ ಒಂದು ಹನಿಯೂ ಉಳಿಯದಂತೆ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಸವರುತ್ತಾರೆ. ಬಿರುಕಿದ್ದರೆ ಅದರೊಳಗೆ ಇಳಿದಿದ್ದ ಎಣ್ಣೆ ಮೇಲೆ ಬಂದು, ಬಿಳಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ನಿಧಾನವಾಗಿ ಮೂಡುತ್ತದೆ. ನಮ್ಮ ಬಂಡಿಯ ಅಚ್ಚಿನ ಒಂದು ತುದಿಯಲ್ಲಿ, ಗಾಲಿಯ ಗುಂಬ ಕೂಡುವ ಜಾಗದಲ್ಲಿ ಇಂಥ ಗೆರೆ ಕಂಡಿತು. ಆ ಅಚ್ಚನ್ನು ಅಲ್ಲಿಗೇ ಬಿಟ್ಟು ಬೇರೊಂದನ್ನು ತಂದೆವು.

ಈಗ ತಿರುಗುವ ಭಾಗಗಳ ಮಾತು. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಉಪಕರಣಕ್ಕೆ ಕೊಡುವ ಟ್ರ್ಯಾಕ್ಟರಿನ ಪಿಟಿಒ ಶಾಫ್ಟು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. 7 ಸೆಂಟಿಮೀಟರ್ ದಪ್ಪದ ಶಾಫ್ಟಿಗೆ ಹೆಗಲ ಮೇಲಿನ ಟವೆಲ್ಲಿನ ತುದಿ ಸಿಕ್ಕರೆ ಒಂದೇ ಸೆಕೆಂಡಿನಲ್ಲಿ ಎರಡು ಮೀಟರಿನಷ್ಟು ಬಟ್ಟೆಯನ್ನು ಅದು ಸುತ್ತಿಕೊಳ್ಳುತ್ತದೆ. ಕೂಗುವುದಕ್ಕೂ ಸಮಯ ಇರುವುದಿಲ್ಲ. ಪುಲ್ಲಿಯಿಂದ ವೇಗ ಹೆಚ್ಚಿಸಿ 60 ಸೆಂಟಿಮೀಟರಿನ ಗರಗಸದ ಚಕ್ರವನ್ನು ನಿಮಿಷಕ್ಕೆ 1200 ಸುತ್ತು ತಿರುಗಿಸಿದರೆ ಅದರ ಅಂಚು ಸೆಕೆಂಡಿಗೆ 37 ಮೀಟರ್ ಮೀರಿ ಓಡುತ್ತಿರುತ್ತದೆ. ಸುಗ್ಗಿಯಲ್ಲಿ ರಾಶಿ ಮಷಿನ್ನಿಗೆ ಸಿಕ್ಕಿ ಕೈ ಕಳೆದುಕೊಂಡವರು ದೇಶದ ತುಂಬ ಎಷ್ಟೋ ಜನ. 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನು ಸಂಸತ್ತು ತಂದದ್ದು ಮುಖ್ಯವಾಗಿ ಒಕ್ಕಣೆ ಯಂತ್ರಗಳನ್ನು ಕಣ್ಣ ಮುಂದಿಟ್ಟುಕೊಂಡೇ. ಅಂಥ ಯಂತ್ರದ ಮುಚ್ಚಳಗಳನ್ನು ಬಿಚ್ಚಿ, ಬೀಡಿನ ಪುಲ್ಲಿಗೆ ಗರಗಸ ಕಟ್ಟಿ, ಬೆಲ್ಟಿನ ಪಕ್ಕದಲ್ಲಿ ನಿಂತು ಕಟ್ಟಿಗೆ ಒಡ್ಡುವುದನ್ನು ನಾನು ಯಾರಿಗೂ ಹೇಳಲಾರೆ. ರಾಶಿ ಮಷಿನ್ನಿನ ಚಾಸಿ ಮತ್ತು ಗಾಲಿಗಳನ್ನು ಉಳಿಸಿಕೊಂಡು ಉಳಿದದ್ದನ್ನು ತೂಕಕ್ಕೆ ಹಾಕಿರಿ. ಆ ಚಾಸಿಯ ಮೇಲೆಯೇ ನಾವು ಒಡೆಯುವ ಯಂತ್ರವನ್ನು ಕೂಡಿಸಿದ್ದೇವೆ. ಬೇಕಾದ ಕಡೆ ಎಳೆದುಕೊಂಡು ಹೋಗಬಹುದು.

ಹೈಡ್ರಾಲಿಕ್ ಪೈಪುಗಳಿಗೂ ಇದೇ ಎಚ್ಚರ ಬೇಕು. ಹಳೆಯ ರಬ್ಬರ್ ಪೈಪನ್ನು ಎಂದಿಗೂ ಮರುಬಳಸಬಾರದು, ಹೊಸದನ್ನೇ ಹಾಕಿಸಬೇಕು. ಎಣ್ಣೆ ಎಲ್ಲಿ ಸೋರುತ್ತಿದೆ ಎಂದು ಕೈ ಸವರಿ ನೋಡುವುದು ನಮ್ಮಲ್ಲಿ ರೂಢಿಯಾಗಿದೆ. ಸೂಜಿಮೊನೆಯಷ್ಟು ತೂತಿನಿಂದ ಅಂಥ ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮ ಕೊರೆದು ಒಳಗೆ ಹೋಗಬಲ್ಲದು. ರಟ್ಟಿನ ತುಂಡು ಹಿಡಿದು ನೋಡಬೇಕು. ಹಾಗೇನಾದರೂ ಆದರೆ ಗಾಯ ಚಿಕ್ಕದೆಂದು ಮನೆಯಲ್ಲಿ ಕೂರದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು.

ಕಂಬೈನಿನಲ್ಲಿ ಬೆಳೆಯನ್ನು ಒಳಕ್ಕೆ ಎಳೆಯುವ ಫೀಡರ್ ಸರಪಳಿಯನ್ನು ಸಣ್ಣ ಮೋಟಾರಿಗೆ ಜೋಡಿಸಿ ಒಡೆದ ಕಟ್ಟಿಗೆಯನ್ನು ಟ್ರಾಲಿಗೆ ಏರಿಸುವ ಏಣಿ ಮಾಡಬಹುದು. ದಾಸೋಹಕ್ಕೆ, ಇಟ್ಟಿಗೆ ಭಟ್ಟಿಗೆ ಕಟ್ಟಿಗೆ ಒದಗಿಸುವವರಿಗೆ ಅದು ಅನುಕೂಲ. ಒಂದು ಮನೆಗೆ, ಒಂದು ರೊಟ್ಟಿ ಕೇಂದ್ರಕ್ಕೆ ಅಷ್ಟು ಬೇಕಾಗುವುದಿಲ್ಲವಾದ್ದರಿಂದ ನಾವು ಅದಕ್ಕೆ ಕೈ ಹಾಕಿಲ್ಲ.

ಕಡಿಯುವ ಮೊದಲು ಕಾನೂನನ್ನೂ ನೋಡಿಕೊಳ್ಳಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮದೇ ಹೊಲದ ಮರವಾದರೂ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು; ಅನುಮತಿ ಬೇಡದ ಕೆಲವು ಜಾತಿಗಳಲ್ಲಿ ಬಳ್ಳಾರಿ ಜಾಲಿಯೂ ಸೇರಿದೆ. ಬೇವು, ಕರಿಜಾಲಿ, ಬನ್ನಿಯಂಥ ಮರಗಳಾದರೆ ಮೊದಲು ಕೇಳಿ ತಿಳಿದುಕೊಳ್ಳಬೇಕು. ಕಾಲುವೆಯ ಏರಿ ಮತ್ತು ರಸ್ತೆಯ ಪಕ್ಕದ ಗಿಡಗಳು ಸರಕಾರಿ ಜಾಗದವು, ಜಾಲಿಯೇ ಆದರೂ ಆಯಾ ಇಲಾಖೆಯನ್ನು ಕೇಳಿಯೇ ಮುಟ್ಟಬೇಕು. ಕಾಲುವೆಗೆ ನೀರು ಬಿಡುವುದು ನಿಂತು ಗದ್ದೆಗಳು ಖಾಲಿಯಿರುವ ಬೇಸಿಗೆಯ ತಿಂಗಳುಗಳಲ್ಲಿ ಟ್ರ್ಯಾಕ್ಟರ್ ಹೊಲದೊಳಗೆ ಸರಾಗವಾಗಿ ಓಡಾಡುತ್ತದೆ, ಆಳುಗಳೂ ಸಿಗುತ್ತಾರೆ. ಕೇಜ್ ವೀಲಿನ ತೊಟ್ಟಿಲು ಮತ್ತು ಕಲ್ಟಿವೇಟರ್ ಚೌಕಟ್ಟು ಈ ಎರಡನ್ನು ಅದಕ್ಕೂ ಮುಂಚೆ, ಎರಡನೆಯ ಬೆಳೆ ಹೊಲದಲ್ಲಿರುವಾಗಲೇ ಮಾಡಿಸಿಟ್ಟುಕೊಳ್ಳಿರಿ. ಸುಗ್ಗಿ ಶುರುವಾದರೆ ಕಂಬೈನ್ ರಿಪೇರಿಯ ಗದ್ದಲದಲ್ಲಿ ವೆಲ್ಡಿಂಗ್ ಅಂಗಡಿಯವರು ಕಟ್ಟಿಗೆಯ ಕೆಲಸಕ್ಕೆ ಕೈಗೆ ಸಿಗುವುದಿಲ್ಲ.